ಒಂದೇ ಸರೋವರ ಸಾಕು, ತಮ್ಮಾ

ತಮ್ಮಾ, ನೀನು ಕಳಿಸಿದ ಲಡಾಖ್ ಪ್ರವಾಸದ ಪಟ್ಟಿಯನ್ನು ನಿಧಾನವಾಗಿ ಓದಿದೆ. ಮೊದಲ ದಿನ ಬೆಂಗಳೂರಿನಿಂದ ವಿಮಾನದಲ್ಲಿ ಲೇಹ್, ಮರುದಿನವೇ ಖಾರ್ದುಂಗ್ ಲಾ ದಾಟಿ ನುಬ್ರಾ, ಅದರ ಮರುದಿನ ಪ್ಯಾಂಗಾಂಗ್, ಅಲ್ಲಿಂದ ತ್ಸೊ ಮೊರಿರಿ, ವಾಪಸ್ ಬರುವಾಗ ದಾರಿಯಲ್ಲಿ ತ್ಸೊ ಕಾರ್. ವಾರದೊಳಗೆ ಎಲ್ಲ ಮುಗಿಸಿ ಸೋಮವಾರ ಆಫೀಸಿಗೆ ಹಾಜರು. ರಜೆ ಸಿಗುವುದು ಕಷ್ಟ, ದುಡ್ಡು ನೀರಿನ ಹಾಗೆ ಖರ್ಚಾಗುತ್ತದೆ, ಅಷ್ಟು ದೂರ ಹೋದ ಮೇಲೆ ಎಲ್ಲ ನೋಡಿಬಿಡಬೇಕು ಅನ್ನುವ ನಿನ್ನ ಆಸೆ ನನಗೆ ಗೊತ್ತಾಗುತ್ತದೆ. ಆದರೂ ನಿನ್ನ ಮೇಲಿನ ಅಕ್ಕರೆಯಿಂದ ಹೇಳುತ್ತೇನೆ, ಈ ಪಟ್ಟಿಯಲ್ಲಿ ಅರ್ಧಕ್ಕರ್ಧ ಹೊಡೆದುಹಾಕು. ಮೂರು ಸರೋವರಗಳ ಜಾಗದಲ್ಲಿ ಒಂದನ್ನೇ ಇಟ್ಟುಕೊ. ಆ ಒಂದರ ದಡದಲ್ಲಿ ಮೂರು ರಾತ್ರಿ ಇರು.

ಯಾಕೆ ಅಂದರೆ, ಅಲ್ಲಿ ನಿಜಕ್ಕೂ ನೋಡಬೇಕಾದದ್ದು ನೀರಿನ ಮೇಲೆ ದಿನವಿಡೀ ನಡೆಯುವ ಹವೆಯ ಆಟ. ಬೆಳಿಗ್ಗೆ ಐದೂವರೆಗೆ ಕಂಡ ಸರೋವರ ಹತ್ತು ಗಂಟೆಗೆ ಇರುವುದಿಲ್ಲ, ಹತ್ತಕ್ಕೆ ಕಂಡದ್ದು ಮೂರಕ್ಕೆ ಇರುವುದಿಲ್ಲ. ಬಣ್ಣ, ಸದ್ದು, ಚಳಿ, ದೂರದ ಬೆಟ್ಟ ಹತ್ತಿರ ಬಂದಂತೆ ಕಾಣುವುದು, ಹತ್ತಿರದ್ದು ಮಾಯವಾಗುವುದು, ಎಲ್ಲವೂ ಗಂಟೆ ಗಂಟೆಗೆ ಬದಲಾಗುತ್ತದೆ. ಮಧ್ಯಾಹ್ನ ಕಾರಿನಿಂದಿಳಿದು, ಬಾಡಿಗೆಗೆ ನಿಲ್ಲಿಸಿದ ಹಳದಿ ಸ್ಕೂಟರಿನ ಮೇಲೆ ಕೂತು ಫೋಟೊ ತೆಗೆಸಿಕೊಂಡು, ಒಂದು ಬಟ್ಟಲು ಮ್ಯಾಗಿ ತಿಂದು ಹೊರಡುವವರಿಗೆ ಇದರಲ್ಲಿ ಒಂದೇ ಒಂದು ತುಣುಕು ಸಿಗುತ್ತದೆ. ಬಹಳ ಸಲ ಅದು ದಿನದ ಅತ್ಯಂತ ಸಪ್ಪೆ ತುಣುಕು. ನೆತ್ತಿಯ ಮೇಲಿನ ಬಿಸಿಲಿನಲ್ಲಿ ಬೆಟ್ಟಗಳು ನೆರಳಿಲ್ಲದೆ ಚಪ್ಪಟೆಯಾಗಿ ನಿಂತಿರುತ್ತವೆ.

ಮೊದಲು ದೇಹದ ಮಾತು ಮುಗಿಸಿಬಿಡೋಣ, ಅದು ಸರಿಯಿಲ್ಲದಿದ್ದರೆ ಮಿಕ್ಕಿದ್ದೆಲ್ಲ ವ್ಯರ್ಥ. ಬೆಂಗಳೂರು ಇರುವುದು ಸುಮಾರು 900 ಮೀಟರ್ ಎತ್ತರದಲ್ಲಿ, ಲೇಹ್ 3,500 ಮೀಟರ್‌ನಲ್ಲಿ. ಅಲ್ಲಿ ನೀನು ಎಳೆದುಕೊಳ್ಳುವ ಪ್ರತಿ ಉಸಿರಿನಲ್ಲಿ ಸಮುದ್ರಮಟ್ಟದಲ್ಲಿ ಸಿಗುವ ಆಮ್ಲಜನಕದ ಮೂರರಲ್ಲಿ ಎರಡು ಪಾಲು ಮಾತ್ರ ಇರುತ್ತದೆ. ಇನ್ನೂ ಸಾವಿರ ಮೀಟರ್ ಮೇಲಿರುವ ತ್ಸೊ ಮೊರಿರಿ ದಡದಲ್ಲಿ ಅರ್ಧಕ್ಕಿಂತ ಸ್ವಲ್ಪ ಹೆಚ್ಚು, ಅಷ್ಟೆ. ಜಿಮ್‌ನಲ್ಲಿ ಬೆಳೆಸಿದ ಮೈ ಇಲ್ಲಿ ನೆರವಿಗೆ ಬರುವುದಿಲ್ಲ. ಗಟ್ಟಿಮುಟ್ಟಾದ ಹುಡುಗರೇ ನನಗೇನಾಗುತ್ತದೆ ಎಂದು ಮೊದಲ ದಿನವೇ ಊರು ಸುತ್ತಿ ಸಂಜೆಗೆ ಮಲಗಿಬಿಡುತ್ತಾರೆ. ಲೇಹ್‌ನಲ್ಲಿ ಕನಿಷ್ಠ ಎರಡು ರಾತ್ರಿ ಸುಮ್ಮನಿರು. ಮೊದಲ ದಿನ ಕೋಣೆ ಬಿಟ್ಟು ಕದಲಬೇಡ. ನೀರು ಕುಡಿ, ಹಗುರವಾಗಿ ಉಣ್ಣು, ಮದ್ಯ ಮುಟ್ಟಬೇಡ. 3,000 ಮೀಟರ್ ದಾಟಿದ ಮೇಲೆ ಮಲಗುವ ಎತ್ತರವನ್ನು ದಿನಕ್ಕೆ 500 ಮೀಟರ್‌ಗಿಂತ ಹೆಚ್ಚು ಏರಿಸಬಾರದು ಎನ್ನುವುದು ಪರ್ವತ ವೈದ್ಯರ ನಿಯಮ. ಅದಕ್ಕೆ ಹೇಳಿ ಮಾಡಿಸಿದಂತೆ ಲೇಹ್‌ನಿಂದ ತ್ಸೊ ಮೊರಿರಿಗೆ ಹೋಗುವ ದಾರಿಯಲ್ಲಿ, ಸಿಂಧೂ ನದಿಯ ದಂಡೆಯ ಮೇಲೆ ಚುಮಥಾಂಗ್ ಸಿಗುತ್ತದೆ. ಅಲ್ಲಿ ಬಿಸಿನೀರಿನ ಬುಗ್ಗೆಗಳಿವೆ, ಎತ್ತರ ಹೆಚ್ಚುಕಡಿಮೆ 4,000 ಮೀಟರ್. ಒಂದು ರಾತ್ರಿ ಅಲ್ಲಿ ತಂಗು. ಮರುದಿನ ಮೇಲಕ್ಕೆ ಹೋಗು.

ತಲೆನೋವು, ವಾಕರಿಕೆ, ಊಟ ಸೇರದಿರುವುದು, ನಿದ್ದೆ ಬಾರದಿರುವುದು, ಇವು ದೇಹ ಕೊಡುವ ಮೊದಲ ಎಚ್ಚರಿಕೆ. ಬಂದರೆ ಮುಚ್ಚಿಡಬೇಡ, ಜೊತೆಯವರಿಗೆ ಹೇಳು, ಮೇಲೇರುವುದನ್ನು ನಿಲ್ಲಿಸು. ಸುಮ್ಮನೆ ಕೂತಾಗಲೂ ಏದುಸಿರು, ಬಿಡದ ಕೆಮ್ಮು, ನಡೆಯುವಾಗ ತೂರಾಟ, ಮಾತಿನಲ್ಲಿ ಗೊಂದಲ ಕಂಡರೆ ಅದು ಪ್ರಾಣಕ್ಕೇ ಅಪಾಯ. ನಡುರಾತ್ರಿಯಾದರೂ ಸರಿ, ಕೂಡಲೇ ಕೆಳಗಿಳಿಯಬೇಕು. ಎತ್ತರದ ಬಾಧೆಗೆಂದು ನುಂಗುವ ಡಯಾಮಾಕ್ಸ್ ಮಾತ್ರೆಯ ವಿಷಯವನ್ನು ಹೊರಡುವ ಮುಂಚೆ ನಿನ್ನ ಡಾಕ್ಟರ ಹತ್ತಿರ ಮಾತಾಡಿಕೊ, ಸ್ನೇಹಿತರ ಸಲಹೆ ಕೇಳಿ ನುಂಗಬೇಡ. ನಿನ್ನ ಗೆಳೆಯರಲ್ಲಿ ಯಾರೋ ಮನಾಲಿ ಕಡೆಯಿಂದ ಬೈಕಿನಲ್ಲಿ ಬರುತ್ತಾರೆ ಅಂದಿದ್ದೆ. 2,050 ಮೀಟರ್‌ನ ಮನಾಲಿಯಿಂದ ಹೊರಟು ಅವತ್ತೇ 4,290 ಮೀಟರ್‌ನ ಸರ್ಚುವಿನಲ್ಲಿ ಮಲಗುವುದು ಮೈಯನ್ನು ಹಿಂಸಿಸಿದಂತೆ. ಶ್ರೀನಗರ, ಕಾರ್ಗಿಲ್ ಮೂಲಕ ಬರುವುದಕ್ಕೆ ಹೇಳು. ಆ ದಾರಿ ಮೆಲ್ಲಮೆಲ್ಲಗೆ ಏರುತ್ತದೆ.

ಈಗ ಯಾವ ಸರೋವರ ಎನ್ನುವ ಪ್ರಶ್ನೆ. ನಾನಾದರೆ ತ್ಸೊ ಮೊರಿರಿ ಎನ್ನುತ್ತೇನೆ. ಪ್ಯಾಂಗಾಂಗ್ ಕಡಿಮೆ ಅಂತ ಅಲ್ಲ. ಸುಮಾರು 4,250 ಮೀಟರ್ ಎತ್ತರದಲ್ಲಿ, 134 ಕಿಲೋಮೀಟರ್ ಉದ್ದಕ್ಕೆ, ಟಿಬೆಟ್‌ನೊಳಕ್ಕೆ ಚಾಚಿಕೊಂಡಿರುವ ಆ ನೀರಿಗೆ ಅದರದೇ ಗಾಂಭೀರ್ಯವಿದೆ. ಆದರೆ 2009ರಲ್ಲಿ ‘ತ್ರೀ ಈಡಿಯಟ್ಸ್’ ಸಿನಿಮಾ ಬಂದ ಮೇಲೆ ಅಲ್ಲಿ ಡೇರೆಗಳ ಸಾಲು, ಗಾಡಿಗಳ ಸಾಲು, ಒಂದು ಗಳಿಗೆ ಏಕಾಂತ ಸಿಗುವುದು ಕಷ್ಟ. ತ್ಸೊ ಮೊರಿರಿ ಪೂರ್ತಿಯಾಗಿ ನಮ್ಮ ದೇಶದೊಳಗೇ ಇದೆ. ಎತ್ತರ 4,500 ಮೀಟರ್‌ಗಿಂತ ಕೊಂಚ ಹೆಚ್ಚು, ಉದ್ದ ಸುಮಾರು 26 ಕಿಲೋಮೀಟರ್, ಅತಿ ಆಳದ ಜಾಗದಲ್ಲಿ 105 ಮೀಟರ್. ಜಗತ್ತಿನ ಮಹತ್ವದ ಜೌಗುತಾಣಗಳ ರಾಮ್ಸಾರ್ ಪಟ್ಟಿಯಲ್ಲಿ 2002ರಿಂದ ಇದೆ. ದಡದಲ್ಲಿ ಇರುವುದು ಕೊರ್ಜೋಕ್ ಎಂಬ ಒಂದೇ ಊರು, ಒಂದು ಹಳೆಯ ಬೌದ್ಧ ಗೊಂಪ, ಊರಿನ ಕೆಳಗೆ ಬಾರ್ಲಿಯ ಪುಟ್ಟ ಗದ್ದೆಗಳು. ಜಗತ್ತಿನಲ್ಲಿ ಉಳುಮೆ ನಡೆಯುವ ಅತಿ ಎತ್ತರದ ನೆಲಗಳಲ್ಲಿ ಅದೂ ಒಂದು. ಊರಿನ ಮನೆಗಳಲ್ಲೇ ತಂಗಲು ಕೋಣೆ ಕೊಡುತ್ತಾರೆ. ಡೇರೆಗಿಂತ ಅದು ಬೆಚ್ಚಗೆ, ದುಡ್ಡೂ ಊರಿನವರ ಕೈಗೇ ಸೇರುತ್ತದೆ.

ಅಲ್ಲಿನ ಒಂದು ದಿನ ಹೇಗಿರುತ್ತದೆ ಹೇಳುತ್ತೇನೆ, ಕೇಳು. ಕತ್ತಲಿರುವಾಗಲೇ ಏಳಬೇಕು. ಕಷ್ಟ ಹೌದು, ಜುಲೈನಲ್ಲೂ ಆ ಹೊತ್ತಿಗೆ ಬಕೆಟ್ಟಿನ ನೀರಿನ ಮೇಲೆ ತೆಳುವಾದ ಹಿಮದ ಪೊರೆ ಕಟ್ಟಿರಬಹುದು. ಆದರೂ ಎದ್ದು, ಕಿವಿ ಮುಚ್ಚಿಕೊಂಡು ದಡದ ಕಡೆಗೆ ಇಳಿ. ಗಾಳಿ ಪೂರ್ತಿ ಸತ್ತಿರುತ್ತದೆ. ಕೊರ್ಜೋಕ್ ಇರುವುದು ಸರೋವರದ ಪಶ್ಚಿಮ ದಡದಲ್ಲಿ. ಸೂರ್ಯ ಎದುರಿನ ಚಾಮ್ಸೆರ್ ಕಾಂಗ್ರಿ, ಲುಂಗ್ಸೆರ್ ಕಾಂಗ್ರಿಗಳ ಹಿಂದಿನಿಂದ ಬರಬೇಕು, ಎರಡೂ 6,600 ಮೀಟರ್ ಮೀರಿದ ಶಿಖರಗಳು. ಹಾಗಾಗಿ ಮೊದಲ ಬಿಸಿಲು ಬೀಳುವುದು ನಿನ್ನ ಬೆನ್ನ ಹಿಂದಿರುವ ಮೆಂತೋಕ್ ಶಿಖರಗಳ ಮೇಲೆ. ಎಲ್ಲರೂ ಪೂರ್ವಕ್ಕೇ ಕ್ಯಾಮೆರಾ ಹಿಡಿದು ನಿಂತಿರುತ್ತಾರೆ, ನೀನು ತಿರುಗಿ ನಿಲ್ಲು. ಹಿಮದ ತುದಿಗೆ ಮೊದಲು ಕೆಂಪು ತಾಗುತ್ತದೆ, ಅದು ಬಂಗಾರವಾಗಿ ಇಳಿಜಾರಿನಗುಂಟ ಕೆಳಗೆ ಬರುತ್ತದೆ, ಊರಿನ ಮಾಳಿಗೆಗಳನ್ನು ಮುಟ್ಟುತ್ತದೆ, ಕೊನೆಗೆ ನಿನ್ನ ಪಾದಕ್ಕೆ ಬರುತ್ತದೆ. ಪಾದಕ್ಕೆ ಬಂದ ಕ್ಷಣವೇ ಬೆಚ್ಚಗಾಗುತ್ತದೆ. ಅಲ್ಲಿಯವರೆಗೆ ನಡುಗುತ್ತಿದ್ದವನು ಹತ್ತೇ ನಿಮಿಷದಲ್ಲಿ ಜಾಕೆಟ್ಟಿನ ಜಿಪ್ ಎಳೆಯುತ್ತೀ. ತೆಳುವಾದ ಒಣ ಹವೆಗೆ ಶಾಖವನ್ನು ಹಿಡಿದಿಟ್ಟುಕೊಳ್ಳುವ ಶಕ್ತಿ ಕಡಿಮೆ. ಬಿಸಿಲಿದ್ದರೆ ಸುಡುತ್ತದೆ, ಮೋಡ ಅಡ್ಡ ಬಂದರೆ ಮರುಕ್ಷಣ ಕೊರೆಯುತ್ತದೆ. ಒಂದು ದಪ್ಪ ಕೋಟಿನ ಬದಲು ನಾಲ್ಕು ತೆಳುವಾದ ಪದರ ಹಾಕಿಕೊ ಎಂದು ನಾನು ಹೇಳುವುದು ಇದಕ್ಕೇ.

ಎಂಟರಿಂದ ಹತ್ತರ ನಡುವೆ ನೀರಿನ ಬಣ್ಣ ಬಿಚ್ಚಿಕೊಳ್ಳುತ್ತದೆ. ನೀರು ತಿಳಿಯಾಗಿ ಆಳವಾಗಿದ್ದಾಗ ಬೆಳಕಿನ ಕೆಂಪು, ಹಳದಿ ಭಾಗವನ್ನು ಅದು ಹೀರಿಕೊಂಡು ನೀಲಿಯನ್ನು ಹಿಂದಕ್ಕೆ ಕಳಿಸುತ್ತದೆ. ಹೂಳು ಕಡಿಮೆ ಇರುವ ಇಂಥ ಸರೋವರಗಳಲ್ಲಿ ಆ ನೀಲಿ ಕಣ್ಣು ಕೋರೈಸುವಷ್ಟು ಗಾಢ. ದಡದ ಹತ್ತಿರ, ತಳದ ಬಿಳಿ ಮರಳು ಕಾಣುವಷ್ಟು ತೆಳುವಾದ ನೀರಿನಲ್ಲಿ, ಹಸಿರು ಬೆರೆತ ತಿಳಿನೀಲಿ. ಎರಡರ ನಡುವಿನ ಗಡಿ ಗೆರೆ ಎಳೆದ ಹಾಗೆ ಸ್ಪಷ್ಟ. ಒಂದು ಮೋಡದ ನೆರಳು ಹಾಯ್ದುಹೋದರೆ ಗಾಢ ನೀಲಿ ಒಮ್ಮೆಲೇ ಶಾಯಿಯಂತಾಗಿ ಮತ್ತೆ ಮೊದಲಿನಂತಾಗುತ್ತದೆ. ಈ ಹೊತ್ತಿನಲ್ಲೇ ದಡದಗುಂಟ ನಡೆಯಬೇಕು, ನಿಧಾನವಾಗಿ, ಮಾತು ಕಡಿಮೆ ಮಾಡಿ.

ಹನ್ನೊಂದು, ಹನ್ನೆರಡರ ಮೇಲೆ ಗಾಳಿ ಎದ್ದಿತು ಅಂದುಕೊ. ಬೋಳು ನೆಲ ಬಿಸಿಲಿಗೆ ಬೇಗ ಕಾಯುತ್ತದೆ, ನೀರು ಕಾಯುವುದಿಲ್ಲ. ಕಾದ ನೆಲದ ಮೇಲಿನ ಹವೆ ಮೇಲೇರಿದ ಜಾಗಕ್ಕೆ ನೀರಿನ ಮೇಲಿನ ತಣ್ಣನೆ ಹವೆ ನುಗ್ಗುತ್ತದೆ, ಕಣಿವೆಗಳಗುಂಟ ಮೇಲೆ ಬರುವ ಗಾಳಿಯೂ ಜೊತೆಗೂಡುತ್ತದೆ. ತಡೆಯಲು ಒಂದು ಮರವಿಲ್ಲ. ಬೆಳಿಗ್ಗೆ ಕನ್ನಡಿಯಾಗಿದ್ದ ನೀರಿನಲ್ಲಿ ನೊರೆ ಹೊತ್ತ ತೆರೆಗಳು ಏಳುತ್ತವೆ, ದಡಕ್ಕೆ ಬಡಿಯುವ ಸದ್ದು ಸಮುದ್ರದ್ದೇ. ಈ ಹೊತ್ತಿಗೆ ಊರಿಗೆ ವಾಪಸಾಗಿ ಊಟ ಮಾಡಿ, ಕಿಟಕಿ ಇರುವ ಕಡೆ ಕೂತುಕೊ. ಸೊಗಸಾದ ಭಾಗ ಇನ್ನು ಬರುವುದಿದೆ.

ಮಧ್ಯಾಹ್ನ ಶಿಖರಗಳ ನೆತ್ತಿಯ ಮೇಲೆ ಬಿಳಿ ಮೋಡಗಳು ಮೊಳೆಯುತ್ತವೆ, ಮೂರು ಗಂಟೆಗೆ ಅವುಗಳ ಬುಡ ಕಪ್ಪಾಗುತ್ತದೆ. ಸರೋವರದ ತೆಂಕಣ ತುದಿಯಲ್ಲಿ ಬೂದುಬಣ್ಣದ ಪರದೆಯೊಂದು ಇಳಿಬಿದ್ದದ್ದು ಕಾಣುತ್ತದೆ. ಅದು ಮಳೆ, ಆದರೆ ನೆಲ ಮುಟ್ಟುವುದಿಲ್ಲ. ಹವೆ ಎಷ್ಟು ಒಣಗಿದೆ ಅಂದರೆ ಹನಿಗಳು ಅರ್ಧ ದಾರಿಯಲ್ಲೇ ಆವಿಯಾಗಿಬಿಡುತ್ತವೆ. ಅಂಥ ಮಳೆಯನ್ನು ಇಪ್ಪತ್ತು ಕಿಲೋಮೀಟರ್ ದೂರದಿಂದ, ಬಿಸಿಲಿನಲ್ಲಿ ಕೂತು ನೋಡುವುದು ನಮ್ಮ ಕಡೆ ಎಲ್ಲಿ ಸಾಧ್ಯ? ಕೆಲವು ದಿನ ಆ ಪರದೆ ಹತ್ತಿರ ಬರುತ್ತದೆ. ಮೊದಲು ನೀರಿನ ಮೇಲೆ ಕಪ್ಪು ಗೆರೆಯೊಂದು ಓಡಿ ಬರುತ್ತದೆ, ಗೆರೆಯ ಹಿಂದೆ ನೀರು ಸೀಸದ ಬಣ್ಣ, ಮುಂದೆ ಇನ್ನೂ ನೀಲಿ. ಗೆರೆ ದಡ ಮುಟ್ಟಿದಾಗ ಕಿಟಕಿಯ ಗಾಜಿಗೆ ಹಿಡಿಗಟ್ಟಲೆ ಸಾಬಕ್ಕಿ ಎರಚಿದ ಸದ್ದು. ಹೊರಗೆ ಬಂದು ತೋಳು ಚಾಚು. ತೋಳಿನ ಮೇಲೆ ಬಿದ್ದದ್ದು ಮಳೆಹನಿಯೂ ಅಲ್ಲ, ಆಲಿಕಲ್ಲಿನಷ್ಟು ಗಟ್ಟಿಯೂ ಅಲ್ಲ, ಬೆರಳಲ್ಲಿ ಒತ್ತಿದರೆ ಪುಡಿಯಾಗುವ ಬಿಳಿ ಹಿಮದ ಗುಂಡುಗಳು. ಪುಟಿದು, ಉರುಳಿ, ಕಲ್ಲುಗಳ ಸಂದಿಯಲ್ಲಿ ರಾಶಿಯಾಗುತ್ತವೆ. ಹತ್ತು ನಿಮಿಷ, ಹೆಚ್ಚೆಂದರೆ ಕಾಲುಗಂಟೆ. ಆಮೇಲೆ ಪಡುವಣದಲ್ಲಿ ಮೋಡ ಹರಿದು ಇಳಿಬಿಸಿಲು ಓರೆಯಾಗಿ ನುಗ್ಗುತ್ತದೆ. ಆಗ ನೋಡಬೇಕು ಆ ಬೆಟ್ಟಗಳನ್ನು. ಮಧ್ಯಾಹ್ನವೆಲ್ಲ ಒಂದೇ ಕಂದು ಅಂತ ಕಂಡವು ತುಕ್ಕಿನ ಕೆಂಪು, ಅರಿಸಿನ, ನೇರಳೆ, ತಾಮ್ರದ ಹಸಿರು ಎಂದು ಪದರ ಪದರವಾಗಿ ಬೇರ್ಪಡುತ್ತವೆ. ಹಿಂದಿನ ಆಕಾಶ ಇನ್ನೂ ಕಪ್ಪಾಗಿರುವುದರಿಂದ ಅವು ಒಳಗಿನಿಂದ ಹೊತ್ತಿಕೊಂಡಂತೆ ಕಾಣುತ್ತವೆ. ಒದ್ದೆಯಾದ ಕಲ್ಲುಗಳು ನೋಡನೋಡುತ್ತಲೇ ಒಣಗಿ ಮಸುಕಾಗುತ್ತವೆ. ಈ ಒಂದು ಗಂಟೆ ನಿನಗೆ ಸಿಗಲಿ ಅಂತಲೇ ನಾನು ಇಷ್ಟೆಲ್ಲ ಹೇಳುತ್ತಿರುವುದು. ಅದು ಮೊದಲ ದಿನ ಸಿಗದೆ ಹೋಗಬಹುದು. ಮೂರು ಸಂಜೆ ಇದ್ದರೆ ಒಂದಾದರೂ ಸಿಕ್ಕೇ ಸಿಗುತ್ತದೆ ಎಂಬುದು ನನ್ನ ನಂಬಿಕೆ.

ಇಷ್ಟು ಕಡಿಮೆ ಮಳೆಯ ನಾಡಿನಲ್ಲಿ ಇಷ್ಟು ದೊಡ್ಡ ನೀರು ಹೇಗೆ ಎಂದು ನಿನಗೆ ಅನಿಸಿಯೇ ಅನಿಸುತ್ತದೆ. ಮುಂಗಾರು ಮೋಡಗಳನ್ನು ಹಿಮಾಲಯದ ಸಾಲು ದಕ್ಷಿಣದಲ್ಲೇ ಹಿಂಡಿಕೊಳ್ಳುತ್ತದೆ, ಆಚೆಗೆ ದಾಟುವುದು ಅಲ್ಪಸ್ವಲ್ಪ. ಸಹ್ಯಾದ್ರಿಯ ಮರೆಯಲ್ಲಿರುವ ನಮ್ಮ ಗದಗದ ಸೀಮೆಗೆ ಮಳೆ ಕಡಿಮೆಯಾಗಿದ್ದೂ ಇದೇ ರೀತಿಯಲ್ಲಿ, ಆದರೆ ಅಲ್ಲಿನದು ಬಲು ಕಟುವಾದ ಮರೆ. ಲೇಹ್‌ಗೆ ವರ್ಷವಿಡೀ ಬೀಳುವುದು ಸುಮಾರು 100 ಮಿಲಿಮೀಟರ್. ಆಗುಂಬೆಯಲ್ಲಿ ಮಳೆಗಾಲದ ಒಂದೇ ದಿನ ಅಷ್ಟು ಸುರಿದುಬಿಡುತ್ತದೆ. ಸರೋವರಗಳನ್ನು ತುಂಬುವುದು ಚಳಿಗಾಲದಲ್ಲಿ ಪಶ್ಚಿಮದಿಂದ ಬರುವ ಮೋಡಗಳು ಶಿಖರಗಳ ಮೇಲೆ ಸುರಿಯುವ ಹಿಮ, ಅದು ಬೇಸಿಗೆಯಲ್ಲಿ ಕರಗಿ ಹರಿಯುವ ತೊರೆಗಳು. ಒಳಗೆ ಬಂದ ನೀರಿಗೆ ಹೊರಗೆ ಹರಿಯುವ ದಾರಿಯಿಲ್ಲ. ತ್ಸೊ ಮೊರಿರಿಗೆ ಹಿಂದೆ ತೆಂಕಣದಲ್ಲಿ ಕೋಡಿಯಿತ್ತು, ಅದು ಮುಚ್ಚಿಹೋಯಿತು. ಈಗ ನೀರು ಹೊರಡುವುದು ಆವಿಯಾಗಿ ಮಾತ್ರ. ಆವಿ ಉಪ್ಪನ್ನು ಒಯ್ಯುವುದಿಲ್ಲ. ತೊರೆಗಳು ಬೆಟ್ಟಗಳಿಂದ ಚೂರುಚೂರೇ ತಂದದ್ದೆಲ್ಲ ಅಲ್ಲೇ ಉಳಿದು, ಸಾವಿರಾರು ವರ್ಷಗಳಲ್ಲಿ ನೀರು ಸವಳಾಗಿದೆ.

ಈ ಕಥೆ ಕಣ್ಣಿಗೆ ಕಾಣುವಂತೆ ಬರೆದಿರುವುದು ತ್ಸೊ ಕಾರ್‌ನಲ್ಲಿ. ಮೂರು ರಾತ್ರಿ ಮುಗಿಸಿ ಲೇಹ್‌ಗೆ ಮರಳುವಾಗ ಪೊಲೊಕೊಂಗ್ಕಾ ಲಾ ದಾರಿ ಹಿಡಿದರೆ ಅದು ಹಾದಿಯಲ್ಲೇ ಸಿಗುತ್ತದೆ, ಹಾಗಾಗಿ ಅದನ್ನು ನಿನ್ನ ಪಟ್ಟಿಯಿಂದ ನಾನು ಪೂರ್ತಿ ಕಿತ್ತುಕೊಳ್ಳುವುದಿಲ್ಲ. 2020ರಲ್ಲಿ ಅದೂ ರಾಮ್ಸಾರ್ ಪಟ್ಟಿಗೆ ಸೇರಿತು. ಅಲ್ಲಿ ಎರಡು ನೀರುಗಳಿವೆ, ಸ್ತಾರ್ತ್ಸಾಪುಕ್ ಎಂಬ ಸಿಹಿನೀರಿನ ಚಿಕ್ಕದು, ತ್ಸೊ ಕಾರ್ ಎಂಬ ಕಡುಉಪ್ಪಿನ ದೊಡ್ಡದು. ದೊಡ್ಡದರ ಅಂಚಿನಲ್ಲಿ ಬೆಳ್ಳಗೆ ಉಪ್ಪಿನ ಹೊಪ್ಪಳೆ. ಹಿಂದೆ ಇಲ್ಲಿನ ಕುರಿಗಾಹಿಗಳಾದ ಚಾಂಗ್ಪಾ ಜನ ಈ ಉಪ್ಪನ್ನು ಕೆರೆದು ತುಂಬಿಕೊಂಡು ವ್ಯಾಪಾರಕ್ಕೆ ಒಯ್ಯುತ್ತಿದ್ದರು. ಅಲ್ಲಿ ಗಾಡಿ ನಿಲ್ಲಿಸಿ ಸುತ್ತಲಿನ ಇಳಿಜಾರುಗಳನ್ನು ನೋಡು. ಲಕ್ಕುಂಡಿಯ ಬಾವಿಯ ಮೆಟ್ಟಿಲುಗಳಂತೆ ಒಂದರ ಮೇಲೊಂದು ಸಮತಟ್ಟಾದ ಪಟ್ಟಿಗಳು ಬೆಟ್ಟದ ಮೈಗುಂಟ ಓಡಿವೆ. ಒಂದೊಂದೂ ಹಳೆಯ ಒಂದೊಂದು ದಡ. ಈಗಿನ ನೀರಿಗಿಂತ ಹತ್ತಾರು ಮೀಟರ್ ಮೇಲೆ ಒಂದು ಕಾಲಕ್ಕೆ ತೆರೆ ಬಡಿಯುತ್ತಿತ್ತು. ಹವೆ ಒಣಗಿದಂತೆಲ್ಲ ಸರೋವರ ಒಂದೊಂದೇ ಮೆಟ್ಟಿಲು ಇಳಿದಿದೆ. 1932ರಲ್ಲಿ ಯೇಲ್ ವಿಶ್ವವಿದ್ಯಾಲಯದ ತಂಡದ ಜೊತೆ ಬಂದ ಜಿ. ಈವ್ಲಿನ್ ಹಚಿನ್‌ಸನ್ ಲಡಾಖ್‌ನ ಈ ಸರೋವರಗಳಲ್ಲಿ ಅಧ್ಯಯನ ಮಾಡಿ, ಮುಂದೆ ಸರೋವರ ವಿಜ್ಞಾನದ ದೊಡ್ಡ ಹೆಸರಾದರು. ಅಂಥ ವಿದ್ವಾಂಸರನ್ನು ಕರೆತಂದ ಮೆಟ್ಟಿಲುಗಳ ಮುಂದೆ ನಮ್ಮ ಪ್ರವಾಸಿಗರು ಟೀ ಕುಡಿದು ಗಾಡಿ ಹತ್ತಿಬಿಡುತ್ತಾರಲ್ಲ ಎಂದು ನನಗೆ ಬೇಸರ.

ಆ ಒಣ ನಾಡಿನ ಮಳೆಯ ಬಗ್ಗೆ ಒಂದು ಎಚ್ಚರಿಕೆ. ಬೀಳುವುದೇ ಅಪರೂಪ ಎಂದು ಮೈಮರೆಯಬೇಡ. 2010ರ ಆಗಸ್ಟ್ 5ರ ನಡುರಾತ್ರಿ ಲೇಹ್ ಸುತ್ತ ಮೇಘಸ್ಫೋಟವಾಗಿ, ಹುಲ್ಲುಕಡ್ಡಿಯೂ ಇಲ್ಲದ ಇಳಿಜಾರುಗಳಿಂದ ಕೆಸರು, ಬಂಡೆ ನುಗ್ಗಿ ಬಂದು ಇನ್ನೂರಕ್ಕೂ ಹೆಚ್ಚು ಜನ ತೀರಿಕೊಂಡರು. ಪಕ್ಕದ ಚೋಗ್ಲಮ್ಸರ್ ಅತಿ ಹೆಚ್ಚು ನಲುಗಿತು. ನೀರು ಹಿಡಿದುಕೊಳ್ಳಲು ಬೇರೂ ಇಲ್ಲ, ಮಣ್ಣೂ ಇಲ್ಲ ಎಂದಾಗ ಸ್ವಲ್ಪ ಮಳೆಯೂ ದೊಡ್ಡದೇ. ಸಮತಟ್ಟಾಗಿ ಚೆಂದ ಕಾಣುತ್ತದೆಂದು ಒಣ ಹಳ್ಳದ ಪಾತ್ರದಲ್ಲಿ ಡೇರೆ ಹಾಕುವವರ ಮಾತು ಕೇಳಬೇಡ. ರಸ್ತೆಗೆ ಅಡ್ಡ ಹರಿಯುವ ತೊರೆಗಳನ್ನು ಬೆಳಿಗ್ಗೆಯೇ ದಾಟಿಕೊ. ಬಿಸಿಲೇರಿದಂತೆ ಹಿಮ ಕರಗಿ, ಬೆಳಿಗ್ಗೆ ಪಾದ ಮುಳುಗುತ್ತಿದ್ದಲ್ಲಿ ಮಧ್ಯಾಹ್ನ ಮೊಣಕಾಲು ಮುಳುಗುತ್ತದೆ.

ಕಣ್ಣಿಗೆ ಒಳ್ಳೆಯ ಕಪ್ಪು ಕನ್ನಡಕ, ತುಟಿಗೆ ಮುಲಾಮು ಮರೆಯಬೇಡ. ಸಾವಿರ ಮೀಟರ್ ಏರಿದಂತೆ ನೇರಳಾತೀತ ಕಿರಣ ಸುಮಾರು ನೂರಕ್ಕೆ ಹತ್ತರಷ್ಟು ಹೆಚ್ಚುತ್ತದೆ, ಮೋಡವಿದ್ದರೂ ಚರ್ಮ ಸುಡುತ್ತದೆ. ನಮ್ಮ ಕಡೆಯ ಪ್ರಿಪೇಯ್ಡ್ ಸಿಮ್ ಅಲ್ಲಿ ನಡೆಯುವುದಿಲ್ಲ, ಪೋಸ್ಟ್‌ಪೇಯ್ಡ್ ಬೇಕು. ಅದೂ ಕೊರ್ಜೋಕ್‌ನಲ್ಲಿ ಸಿಕ್ಕರೆ ಸಿಕ್ಕಿತು, ಇಲ್ಲದಿದ್ದರೆ ಇಲ್ಲ ಎಂದು ಮೊದಲೇ ಅಮ್ಮನಿಗೆ ಹೇಳಿ ಹೋಗು. ಗಡಿ ಪ್ರದೇಶವಾದ್ದರಿಂದ ಅನುಮತಿಯ ನಿಯಮ ಆಗಾಗ ಬದಲಾಗುತ್ತದೆ, ಲೇಹ್‌ನಲ್ಲಿ ಸುಮ್ಮನಿರುವ ಎರಡು ದಿನಗಳಲ್ಲಿ ಆ ಕೆಲಸ ಮುಗಿಸಿಕೊ.

ಕೊರ್ಜೋಕ್‌ನಲ್ಲಿ ತಂಗುವ ಮನೆಯವರ ಜೊತೆ ಹೇಗಿರಬೇಕು ಎಂದು ನಿನಗೆ ನಾನು ಹೇಳಬೇಕಿಲ್ಲ, ಆದರೂ ಒಂದೆರಡು ಮಾತು. ಎದುರಾದವರಿಗೆಲ್ಲ ‘ಜುಲೇ’ ಅನ್ನು. ಮನೆಯ ಹಿರಿಯ ಹೆಂಗಸನ್ನು ‘ಅಮಾ-ಲೇ’ ಎಂದು ಕರೆ. ಉಪ್ಪು, ಬೆಣ್ಣೆ ಹಾಕಿದ ಗುರ್‌ಗುರ್ ಚಾ ಕೊಡುತ್ತಾರೆ. ಚಹಾ ಎಂದು ಕುಡಿದರೆ ವಿಚಿತ್ರ ಅನಿಸುತ್ತದೆ, ಸಾರು ಅಂದುಕೊಂಡು ಕುಡಿ, ಮೈಗೆ ಹಿತ. ಅನ್ನ ಬೇಕು ಎಂದು ಹಟ ಹಿಡಿಯಬೇಡ. ಆ ಎತ್ತರದಲ್ಲಿ ನೀರು ಸುಮಾರು 85 ಡಿಗ್ರಿಗೇ ಕುದಿಯುತ್ತದೆ, ಕುಕ್ಕರ್ ಇಲ್ಲದೆ ಅಕ್ಕಿ ಸರಿಯಾಗಿ ಬೇಯುವುದಿಲ್ಲ, ಉರುವಲಿಗೆ ಸಗಣಿಯ ಬೆರಣಿಯೂ ದುಬಾರಿ. ಅವರು ಮಾಡುವ ಥುಕ್ಪಾ ಉಣ್ಣು. ಊರಿನ ಮೇಲಿನ ಹುಲ್ಲುಗಾವಲಿನಲ್ಲಿ ಬೇಸಿಗೆಯಲ್ಲಿ ಚಾಂಗ್ಪಾ ಕುರಿಗಾಹಿಗಳು ಯಾಕ್ ಕೂದಲಿನಲ್ಲಿ ನೇಯ್ದ ಕಪ್ಪು ಡೇರೆ, ರೆಬೊ, ಹೂಡಿಕೊಂಡಿರುತ್ತಾರೆ. ನಾವು ಪಶ್ಮೀನಾ ಎಂದು ಹೆಸರು ಹೇಳಿ ಮೆಚ್ಚುವ ಉಣ್ಣೆ ಅವರ ಮೇಕೆಗಳ ಒಳಮೈಯ ನವಿರು ಕೂದಲು. ಸೊನ್ನೆಗಿಂತ ಮೂವತ್ತು ಡಿಗ್ರಿ ಕೆಳಗಿಳಿಯುವ ಚಳಿಗಾಲದಿಂದ ಪಾರಾಗಲು ಮೇಕೆಯ ಮೈ ತಾನೇ ಬೆಳೆಸಿಕೊಳ್ಳುವ ಹೊದಿಕೆ ಅದು. ಆ ಚಳಿಯಿಲ್ಲದೆ ಆ ಉಣ್ಣೆಯಿಲ್ಲ. ಕೇಳದೆ ಅವರ ಡೇರೆಯೊಳಗೆ ಕ್ಯಾಮೆರಾ ಇಡಬೇಡ. ಕರೆದರೆ ಹೋಗಿ ಕೂತುಕೊ, ಮೋಡದ ಬಗ್ಗೆ ಕೇಳು. ಮಧ್ಯಾಹ್ನದ ಗಾಳಿ ಯಾವ ದಿಕ್ಕಿನಿಂದ ಬಂದರೆ ಸಂಜೆ ಹಿಮ ಬೀಳುತ್ತದೆ ಎಂದು ಅವರು ಹೇಳುವುದು ನಿನ್ನ ಫೋನಿನ ಆ್ಯಪ್‌ಗಿಂತ ಖಚಿತ.

ರಾತ್ರಿ ಊಟವಾದ ಮೇಲೆ ಒಮ್ಮೆ ಹೊರಗೆ ಬಾ. ನೀರಾವಿಯಿಲ್ಲದ ತೆಳುವಾದ ಹವೆಯಲ್ಲಿ ನಕ್ಷತ್ರಗಳು ಮಿಣುಕುವುದೂ ಕಡಿಮೆ, ದಿಗಂತದವರೆಗೂ ಇಳಿದಿರುತ್ತವೆ. ತ್ಸೊ ಮೊರಿರಿ ಇರುವ ಚಾಂಗ್ಥಾಂಗ್ ಸೀಮೆಯಲ್ಲೇ, ಹಾನ್ಲೆ ಎಂಬಲ್ಲಿ 4,500 ಮೀಟರ್ ಎತ್ತರದಲ್ಲಿ ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆ ದೂರದರ್ಶಕ ಇಟ್ಟಿರುವುದು ಈ ಕಾರಣಕ್ಕೇ. ಹಿಮಾಲಯನ್ ಚಂದ್ರ ಎಂಬ 2 ಮೀಟರ್ ವ್ಯಾಸದ ಆ ದೂರದರ್ಶಕವನ್ನು ಉಪಗ್ರಹ ಸಂಪರ್ಕದ ಮೂಲಕ ನಮ್ಮ ಹೊಸಕೋಟೆಯಲ್ಲಿ ಕೂತೇ ನಡೆಸುತ್ತಾರೆ. ನೀನು ದಿನಾ ಆಫೀಸಿಗೆ ಹೋಗುವ ಹಾದಿಯಿಂದ ಅದು ಬಹಳ ದೂರವೇನಲ್ಲ. ಅಂಗಳದಲ್ಲಿ ನಿಂತಾಗ ಟಾರ್ಚ್ ಆರಿಸು, ಕಣ್ಣು ಕತ್ತಲಿಗೆ ಹೊಂದಿಕೊಳ್ಳಲು ಇಪ್ಪತ್ತು ನಿಮಿಷ ಕೊಡು.

ಇನ್ನು ಹಕ್ಕಿಗಳ ವಿಷಯ. ಇದನ್ನು ನಾನು ಬೇಡಿಕೊಂಡೇ ಹೇಳುತ್ತೇನೆ. ತ್ಸೊ ಮೊರಿರಿಯ ನಡುಗಡ್ಡೆಗಳಲ್ಲಿ, ದಡದ ಜೌಗಿನಲ್ಲಿ ಪಟ್ಟೆತಲೆ ಹೆಬ್ಬಾತುಗಳು ಬೇಸಿಗೆಯಲ್ಲಿ ಗೂಡು ಕಟ್ಟುತ್ತವೆ. ನೀನು ಹೋಗುವ ಜುಲೈನಲ್ಲಿ ಬೂದು ಮರಿಗಳ ಸಾಲು ತಾಯಿಯ ಹಿಂದೆ ಈಜುತ್ತಿರುತ್ತದೆ. ಸುತ್ತಲಿನ ಜೌಗಿನಲ್ಲಿ ಕಪ್ಪು ಕತ್ತಿನ ಕ್ರೌಂಚವೂ ಮರಿ ಮಾಡುತ್ತದೆ, ಲಡಾಖ್ ತನ್ನ ಅಧಿಕೃತ ಪಕ್ಷಿ ಎಂದು ಘೋಷಿಸಿಕೊಂಡಿರುವುದು ಅದನ್ನೇ. ಈ ಎರಡಕ್ಕೂ ಈಗ ದೊಡ್ಡ ಕಂಟಕ ಬೀಡಾಡಿ ನಾಯಿಗಳು, ಮೊಟ್ಟೆ, ಮರಿ ಏನನ್ನೂ ಬಿಡುವುದಿಲ್ಲ. ಶಿಬಿರಗಳ, ಪ್ರವಾಸಿಗರ ಎಂಜಲು ತಿಂದೇ ಅವುಗಳ ಸಂಖ್ಯೆ ಬೆಳೆದಿದೆ. ಕರುಣೆಯಿಂದ ನೀನು ನಾಯಿಗೆ ಹಾಕಿದ ಬಿಸ್ಕತ್ತು ಮುಂದಿನ ಬೇಸಿಗೆಯಲ್ಲಿ ಕ್ರೌಂಚದ ಮರಿಯ ಪ್ರಾಣ ತೆಗೆಯುತ್ತದೆ. ಊಟದ ಚೂರು, ಪ್ಲಾಸ್ಟಿಕ್ ಎಲ್ಲ ಕಟ್ಟಿಕೊಂಡು ಲೇಹ್‌ಗೆ ತಾ. ದಡದ ಹುಲ್ಲಿನ ಮೇಲೆ ಗಾಡಿ ಇಳಿಸಲು ಡ್ರೈವರ್ ಒಪ್ಪಿದರೂ ನೀನು ಒಪ್ಪಬೇಡ. ಅಲ್ಲಿ ವರ್ಷಕ್ಕೆ ಮೂರು ತಿಂಗಳು ಮಾತ್ರ ಹುಲ್ಲು ಬೆಳೆಯುತ್ತದೆ, ಒಂದು ಚಕ್ರದ ಗುರುತು ವರ್ಷಗಟ್ಟಲೆ ಮಾಸುವುದಿಲ್ಲ. ಹೆಬ್ಬಾತುಗಳನ್ನು ಬೈನಾಕ್ಯುಲರ್‌ನಲ್ಲಿ ನೋಡು. ಅವು ಕತ್ತು ನೆಟ್ಟಗೆ ಮಾಡಿ ನಿನ್ನ ಕಡೆ ನೋಡಿದವು ಅಂದರೆ ನೀನು ಆಗಲೇ ಬಹಳ ಹತ್ತಿರ ಹೋಗಿದ್ದೀಯ ಎಂದರ್ಥ, ಹಿಂದಕ್ಕೆ ಸರಿ.

ಈ ಹೆಬ್ಬಾತುಗಳ ರಕ್ತದ ಹಿಮೋಗ್ಲೋಬಿನ್ ತಗ್ಗಿನಲ್ಲಿ ಬದುಕುವ ಬೇರೆ ಹೆಬ್ಬಾತುಗಳದ್ದಕ್ಕಿಂತ ಬಿಗಿಯಾಗಿ ಆಮ್ಲಜನಕವನ್ನು ಹಿಡಿದುಕೊಳ್ಳುತ್ತದೆ. ಉಪಗ್ರಹ ಸಾಧನ ಕಟ್ಟಿ ಗಮನಿಸಿದಾಗ ಒಂದು ಹಕ್ಕಿ 7,290 ಮೀಟರ್ ಎತ್ತರದಲ್ಲಿ ಹಾರಿದ್ದು ದಾಖಲಾಗಿದೆ. ಚಳಿ ಬಲಿತು ಸರೋವರ ಹೆಪ್ಪುಗಟ್ಟುವ ಮೊದಲೇ ಅವು ಹಿಮಾಲಯ ದಾಟಿ ದಕ್ಷಿಣಕ್ಕೆ ಬರುತ್ತವೆ. ಮಂಗೋಲಿಯದಲ್ಲಿ ಕತ್ತಿಗೆ ಗುರುತಿನ ಪಟ್ಟಿ ಹಾಕಿದ ಹಕ್ಕಿಗಳು ನಮ್ಮ ರಾಜ್ಯದ ಕೆರೆಗಳಲ್ಲಿ ಸಿಕ್ಕಿವೆ. ನಮ್ಮ ಶಿರಹಟ್ಟಿ ತಾಲ್ಲೂಕಿನ ಮಾಗಡಿ ಕೆರೆಗೆ ಪ್ರತಿ ಚಳಿಗಾಲ ಸಾವಿರಗಟ್ಟಲೆ ಬಂದಿಳಿಯುವುದು ಇದೇ ಹೆಬ್ಬಾತುಗಳು. 2024ರಲ್ಲಿ ಆ ಕೆರೆಯೂ ರಾಮ್ಸಾರ್ ಪಟ್ಟಿ ಸೇರಿದೆ. ಕೆರೆಯಲ್ಲಿ ವಿಶ್ರಮಿಸಿ, ಸುತ್ತಲ ಹೊಲಗಳಲ್ಲಿ ಮೇಯುತ್ತವೆ. ಮಾರ್ಚ್ ಹೊತ್ತಿಗೆ ಬಡಗಣಕ್ಕೆ ಹಾರುತ್ತವೆ.

ಡಿಸೆಂಬರಿನಲ್ಲಿ ಊರಿಗೆ ಬಂದಾಗ ಒಂದು ಬೆಳಿಗ್ಗೆ ಬಿಡುವು ಮಾಡಿಕೊ. ಮಾಗಡಿಗೆ ಗದಗದಿಂದ ಬಸ್ಸಿದೆ, ಆದರೆ ಬೆಳಕು ಹರಿಯುವ ಮುಂಚೆ ಅಲ್ಲಿರಬೇಕಾದ್ದರಿಂದ ನಾನು ಬೈಕ್ ತರುತ್ತೇನೆ. ತ್ಸೊ ಮೊರಿರಿಯಲ್ಲಿ ಮಧ್ಯಾಹ್ನ ಗಾಳಿ ಎಷ್ಟಕ್ಕೆ ಎದ್ದಿತು, ಪರದೆ ಯಾವ ಕಡೆಯಿಂದ ಬಂತು, ಮರಿಗಳು ಎಷ್ಟಿದ್ದವು ಎಂದು ಮೂರೂ ದಿನ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊಂಡು ಬಾ. ಕೆರೆಯ ಏರಿಯ ಮೇಲೆ ಕೂತು ನನಗೆ ಓದಿ ಹೇಳುವಿಯಂತೆ.